ಊರ ಹಣ, ಊರ ಮಕ್ಕಳು: ಬಾಸ್ಟನ್ ಲ್ಯಾಟಿನ್ ಸ್ಕೂಲಿನ ಇತಿಹಾಸ



ಈ ದತ್ತಿ ಉಪನ್ಯಾಸದಲ್ಲಿ ಶಿಕ್ಷಣದ ಇತಿಹಾಸದ ಬಗ್ಗೆ ಮಾತಾಡಬೇಕೆಂದು ನಿಮ್ಮ ಸಂಸ್ಥೆಯವರು ಕೇಳಿದಾಗ, ತತ್ತ್ವವನ್ನು ಹಿಡಿದು ಮಾತಾಡುವುದಕ್ಕಿಂತ ಒಂದು ಶಾಲೆಯನ್ನು ಹಿಡಿದು ಮಾತಾಡುವುದು ಮೇಲೆಂದು ನನಗೆ ಅನಿಸಿತು. ತತ್ತ್ವಗಳು ಸಭೆಯಲ್ಲಿ ಬಹುಬೇಗ ಒಪ್ಪಿಗೆ ಪಡೆದುಬಿಡುತ್ತವೆ. ಶಿಕ್ಷಣ ಎಲ್ಲರಿಗೂ ಸಲ್ಲಬೇಕು ಎಂದರೆ ಇಲ್ಲಿ ಯಾರೂ ಬೇಡ ಅನ್ನುವುದಿಲ್ಲ. ಆದರೆ ಶಾಲೆ ನಡೆಸುವವರ ಮುಂದೆ ಬರುವ ಪ್ರಶ್ನೆಗಳು ಬೇರೆ. ಮೇಷ್ಟ್ರ ಸಂಬಳ ಯಾರು ಕೊಡಬೇಕು? ಇರುವ ಇನ್ನೂರು ಸೀಟಿಗೆ ಎರಡು ಸಾವಿರ ಮಕ್ಕಳು ಬಂದರೆ ಯಾರನ್ನು ಒಳಗೆ ಕರೆಯಬೇಕು? ಯಾರನ್ನು ವಾಪಸು ಕಳಿಸಬೇಕು? ಈ ಪ್ರಶ್ನೆಗಳನ್ನು ಸುಮಾರು ನಾಲ್ಕು ಶತಮಾನ ಎದುರಿಸಿದ ಶಾಲೆಯೊಂದು ಅಮೆರಿಕದಲ್ಲಿದೆ. ಅದು ಬಾಸ್ಟನ್ ಲ್ಯಾಟಿನ್ ಸ್ಕೂಲ್. 1635ರಲ್ಲಿ ಶುರುವಾದ ಇದನ್ನು ಅಮೆರಿಕದ ಮೊದಲ ಸಾರ್ವಜನಿಕ ಶಾಲೆ ಎನ್ನುತ್ತಾರೆ. ಇವತ್ತಿಗೂ ಇದು ಬಾಸ್ಟನ್ ನಗರದ ಸರ್ಕಾರಿ ಶಾಲೆಯೇ. ಸುಮಾರು 2,400 ಮಕ್ಕಳು ಅಲ್ಲಿ ಶುಲ್ಕವಿಲ್ಲದೆ ಓದುತ್ತಿದ್ದಾರೆ.

ನಾನು ಹೇಳಹೊರಟಿರುವುದು ಇಷ್ಟು: ಶಾಲೆಯಲ್ಲಿ ಶುಲ್ಕ ಇಲ್ಲ ಎಂಬುದು ಒಂದು ಸಂಗತಿ, ಆ ಶಾಲೆ ಎಲ್ಲರಿಗೂ ಸೇರಿದ್ದು ಎಂಬುದು ಇನ್ನೊಂದು. ಬಾಸ್ಟನ್ ಊರು ಮೊದಲನೆಯದನ್ನು ಬಹುಮಟ್ಟಿಗೆ ಹದಿನೇಳನೆಯ ಶತಮಾನದಲ್ಲೇ ಸಾಧಿಸಿತು. ಎರಡನೆಯದಕ್ಕಾಗಿ ಇವತ್ತಿಗೂ ಜಗಳವಾಡುತ್ತಿದೆ.

ಊರ ಸಭೆಯ ನಿರ್ಣಯ

ಇಂಗ್ಲೆಂಡಿನಿಂದ ಹೊರಟ ಪ್ಯೂರಿಟನ್ ಪಂಥದ ಕ್ರೈಸ್ತರು ಬಾಸ್ಟನ್ನಿನಲ್ಲಿ ನೆಲೆ ನಿಂತದ್ದು 1630ರಲ್ಲಿ. ಐದು ವರ್ಷ ಕಳೆಯುವಷ್ಟರಲ್ಲಿ, 1635ರ ಏಪ್ರಿಲ್ ತಿಂಗಳಲ್ಲಿ, ಊರ ಸಭೆ ಸೇರಿ ಫಿಲೆಮನ್ ಪೋರ್ಮಾರ್ಟ್ ಎಂಬುವರನ್ನು ಮಕ್ಕಳಿಗೆ ಪಾಠ ಹೇಳುವಂತೆ ಕೇಳಿಕೊಳ್ಳಬೇಕು ಎಂದು ನಿರ್ಣಯ ಮಾಡಿತು. ಇಂದಿನ ಪಂಚಾಂಗದ ಲೆಕ್ಕದಲ್ಲಿ ಅದು ಏಪ್ರಿಲ್ 23. ಶಾಲೆ ತನ್ನ ಹುಟ್ಟುಹಬ್ಬವನ್ನು ಆ ದಿನ ಆಚರಿಸುತ್ತದೆ. ಹಾರ್ವರ್ಡ್ ಕಾಲೇಜು ಹುಟ್ಟಿದ್ದು ಮರುವರ್ಷ, 1636ರಲ್ಲಿ. ನಮ್ಮ ಹುಡುಗರು ಪಾಸಾದ ಮೇಲೆ ಹೋಗಲು ಒಂದು ಜಾಗ ಬೇಕಿತ್ತು, ಅದಕ್ಕೇ ಹಾರ್ವರ್ಡ್ ಕಟ್ಟಿದರು ಎಂದು ಲ್ಯಾಟಿನ್ ಸ್ಕೂಲಿನವರು ಈಗಲೂ ತಮಾಷೆ ಮಾಡುತ್ತಾರೆ.

ಆ ನಿರ್ಣಯದ ಹಿಂದೆ ಪಾದ್ರಿ ಜಾನ್ ಕಾಟನ್ ಅವರ ಪ್ರೇರಣೆ ಇತ್ತೆಂದು ಹೇಳುತ್ತಾರೆ. ಅವರು ಇಂಗ್ಲೆಂಡಿನ ಲಿಂಕನ್‌ಶೈರಿನ ಬಾಸ್ಟನ್ನಿನಿಂದ ಬಂದವರು. ಅಲ್ಲಿ ಒಂದು ಗ್ರಾಮರ್ ಶಾಲೆ ಇತ್ತು. ಹೊಸ ನೆಲದಲ್ಲೂ ಅಂಥದೊಂದು ಬೇಕೆಂಬುದು ಅವರ ಆಸೆ. ಆ ಕಾಲದಲ್ಲಿ ಗ್ರಾಮರ್ ಎಂದರೆ ಲ್ಯಾಟಿನ್ ವ್ಯಾಕರಣ. ಲ್ಯಾಟಿನ್ ಬರದವನಿಗೆ ಕಾಲೇಜಿಲ್ಲ, ಕಾಲೇಜು ಇಲ್ಲದವನಿಗೆ ಪಾದ್ರಿಯ ಪೀಠವಿಲ್ಲ. ಸಿಸೆರೋನ ಬರಹವನ್ನು ನೋಡಿದೊಡನೆ ಅರ್ಥಮಾಡಿಕೊಳ್ಳಬಲ್ಲ, ಗ್ರೀಕ್ ನಾಮಪದ ಕ್ರಿಯಾಪದಗಳ ರೂಪಗಳನ್ನು ಒಪ್ಪಿಸಬಲ್ಲ ಹುಡುಗನಿಗೆ ಮಾತ್ರ ಹಾರ್ವರ್ಡಿನಲ್ಲಿ ಪ್ರವೇಶ.

ಮೊದಲ ಮೇಷ್ಟ್ರು ಹೆಚ್ಚು ಕಾಲ ಉಳಿಯಲಿಲ್ಲ. ಆನ್ ಹಚಿನ್‌ಸನ್ ಎಂಬ ಮಹಿಳೆಯ ಧಾರ್ಮಿಕ ವಿಚಾರಗಳ ಸುತ್ತ ಎದ್ದ ವಿವಾದದಲ್ಲಿ ಊರು ಎರಡು ಪಾಲಾಯಿತು. ಸೋತ ಪಕ್ಷದವರ ಜೊತೆ ಪೋರ್ಮಾರ್ಟ್ ಕೂಡ ಊರು ಬಿಟ್ಟರು. ಆ ಹೊತ್ತಿಗೆ, 1636ರಲ್ಲೇ, ಊರಿನ ಉಳ್ಳವರು ಮೇಷ್ಟ್ರ ಖರ್ಚಿಗೆಂದು ವಂತಿಗೆ ಎತ್ತಿದ್ದರು. ಗವರ್ನರ್ ಹೆನ್ರಿ ವೇನ್, ಜಾನ್ ವಿನ್‌ತ್ರೋಪ್ ಮೊದಲಾದವರ ಹೆಸರು ಆ ಪಟ್ಟಿಯಲ್ಲಿದೆ. ವಂತಿಗೆಯ ಗುಣ ನಮಗೆಲ್ಲ ಗೊತ್ತು. ಮೊದಲ ವರ್ಷ ಉತ್ಸಾಹ, ಮೂರನೆಯ ವರ್ಷ ಜ್ಞಾಪನ ಪತ್ರ. ಬಾಸ್ಟನ್ನಿನವರು ಬೇಗ ಬೇರೆ ದಾರಿ ಹಿಡಿದರು. ಬಂದರಿನ ದ್ವೀಪಗಳು ಊರಿನ ಸಾರ್ವಜನಿಕ ಆಸ್ತಿ. ಡಿಯರ್ ಐಲೆಂಡಿನ ಆದಾಯ ಶಾಲೆಗೆ ಸಲ್ಲಬೇಕೆಂದು 1641ರಲ್ಲಿ ತೀರ್ಮಾನವಾಯಿತು. ಮುಂದೆ ಲಾಂಗ್ ಐಲೆಂಡ್, ಸ್ಪೆಕ್ಟಕಲ್ ಐಲೆಂಡುಗಳ ಗೇಣಿ ಹಣವೂ ಸೇರಿತು. ಸಾಲದ್ದನ್ನು ಊರೇ ತುಂಬಿಕೊಟ್ಟಿತು. ದೇವಸ್ಥಾನಕ್ಕೂ ಮಠಕ್ಕೂ ಉಂಬಳಿ ಬಿಟ್ಟ ನೆನಪಿರುವ ನಮಗೆ ಈ ಏರ್ಪಾಡು ಅಪರಿಚಿತವೇನಲ್ಲ. ಹೊಸದೆಂದರೆ ಇದನ್ನು ಮಾಡಿದವನು ದೊರೆಯಾಗಿರಲಿಲ್ಲ, ದೊಡ್ಡ ದಾನಿಯೂ ಆಗಿರಲಿಲ್ಲ. ಕೈ ಎತ್ತಿ ಮತ ಹಾಕುವ ಊರ ಸಭೆ ತನ್ನ ಆಸ್ತಿಯನ್ನು ತಾನೇ ಶಾಲೆಗೆ ಬಿಟ್ಟಿತು.

1647ರಲ್ಲಿ ಮ್ಯಾಸಚೂಸೆಟ್ಸ್ ವಸಾಹತು ಇದನ್ನೇ ಕಾನೂನು ಮಾಡಿತು. ಐವತ್ತು ಮನೆಗಳಿರುವ ಊರು ಓದುಬರಹ ಕಲಿಸಲು ಒಬ್ಬ ಮೇಷ್ಟ್ರನ್ನು ನೇಮಿಸಬೇಕು. ನೂರು ಮನೆಗಳಾದರೆ ಲ್ಯಾಟಿನ್ ಕಲಿಸುವ ಗ್ರಾಮರ್ ಶಾಲೆ ಇಡಬೇಕು. ಜನ ಧರ್ಮಗ್ರಂಥ ಓದಲಾರದೆ ಹೋದರೆ ಸೈತಾನ ಗೆಲ್ಲುತ್ತಾನೆ ಎಂಬ ಭಯ ಆ ಕಾನೂನಿನ ಪೀಠಿಕೆಯಲ್ಲಿದೆ. ಕಾರಣ ಏನೇ ಇರಲಿ, ಶಾಲೆ ನಡೆಸುವುದು ಊರಿನ ಜವಾಬ್ದಾರಿ ಎಂಬ ಮಾತು ಅಲ್ಲಿಂದ ಗಟ್ಟಿಯಾಯಿತು.

ಚೀವರ್ ಮೇಷ್ಟ್ರು

ಮೊದಮೊದಲು ಮೇಷ್ಟ್ರ ಮನೆಯಲ್ಲೇ ಪಾಠ ನಡೆಯುತ್ತಿತ್ತು. 1645ರಲ್ಲಿ ಕಟ್ಟಡವಾಯಿತು. ಶಾಲೆ ನಿಂತ ಬೀದಿಗೆ ಸ್ಕೂಲ್ ಸ್ಟ್ರೀಟ್ ಎಂದೇ ಹೆಸರು. ಶಾಲೆಯನ್ನು ಅಲ್ಲಿಂದ ಎತ್ತಿ ಎಷ್ಟೋ ಕಾಲವಾಗಿದ್ದರೂ ಬೀದಿಯ ಹೆಸರು ಬದಲಾಗಿಲ್ಲ.

ಈ ಶಾಲೆಗೆ ಕೀರ್ತಿ ತಂದವರು ಎಜ಼ಿಕಿಯಲ್ ಚೀವರ್. ಲಂಡನ್ನಿನಲ್ಲಿ ಹುಟ್ಟಿ ನ್ಯೂ ಹೇವನ್, ಇಪ್ಸ್‌ವಿಚ್, ಚಾರ್ಲ್ಸ್‌ಟೌನ್‌ಗಳಲ್ಲಿ ಪಾಠ ಹೇಳಿ, ಇನ್ನೊಬ್ಬರು ವಿಶ್ರಾಂತಿಯ ಮಾತಾಡುವ ವಯಸ್ಸಿನಲ್ಲಿ ಅವರು ಬಾಸ್ಟನ್ನಿಗೆ ಬಂದರು. ಆಮೇಲೆ 1708ರಲ್ಲಿ ಸಾಯುವವರೆಗೆ ಸುಮಾರು ಮೂವತ್ತೆಂಟು ವರ್ಷ ಅಲ್ಲೇ ಇದ್ದರು. ಒಟ್ಟು ಲೆಕ್ಕ ಹಾಕಿದರೆ ಎಪ್ಪತ್ತು ವರ್ಷದ ಮೇಷ್ಟ್ರಗಿರಿ. ತೊಂಬತ್ತು ದಾಟಿದ ಮೇಲೂ ತರಗತಿ ಬಿಡಲಿಲ್ಲ. ಅವರ ಅಂತ್ಯಸಂಸ್ಕಾರದ ಉಪದೇಶ ಮಾಡಿದವರು ಶಿಷ್ಯ ಕಾಟನ್ ಮ್ಯಾದರ್. ಆ ವಸಾಹತಿನ ಅತಿ ದೊಡ್ಡ ಪಂಡಿತ ಪಾದ್ರಿ ಎನಿಸಿಕೊಂಡವರು ಈ ಮ್ಯಾದರ್. ಚೀವರ್ ತಮ್ಮ ಹುಡುಗರಿಗಾಗಿ ಬರೆದಿಟ್ಟುಕೊಂಡಿದ್ದ ಲ್ಯಾಟಿನ್ ವ್ಯಾಕರಣ ಪಾಠ ಅವರು ತೀರಿಕೊಂಡ ಮರುವರ್ಷ ಅಚ್ಚಾಯಿತು. ಮುಂದೆ ಹಲವು ತಲೆಮಾರುಗಳ ಅಮೆರಿಕನ್ ಹುಡುಗರು ಲ್ಯಾಟಿನ್ ಕಲಿತದ್ದು ಅದರಿಂದಲೇ.

ಇಡೀ ಶಾಲೆಗೆ ಒಬ್ಬ ಮೇಷ್ಟ್ರು, ಅವರ ಕೈಕೆಳಗೆ ಒಬ್ಬ ಸಹಾಯಕ ಇರುತ್ತಿದ್ದ ಕಾಲ ಅದು. ಇಂಥಲ್ಲಿ ಶಾಲೆಯ ಆಯುಷ್ಯ ಮೇಷ್ಟ್ರ ಆಯುಷ್ಯದ ಮೇಲೆ ನಿಂತಿರುತ್ತದೆ. ಚೀವರ್ ನಂತರ ನಥಾನಿಯಲ್ ವಿಲಿಯಮ್ಸ್ 1734ರವರೆಗೆ, ಅವರ ನಂತರ ಜಾನ್ ಲವೆಲ್ 1775ರವರೆಗೆ ಮುಖ್ಯಸ್ಥರಾಗಿದ್ದರು. ಅಂದರೆ ಸುಮಾರು ನೂರ ಐದು ವರ್ಷಗಳಲ್ಲಿ ಮೂವರೇ ಹೆಡ್ ಮಾಸ್ಟರು. ವರ್ಗಾವಣೆಯ ಆದೇಶ ಯಾವಾಗ ಬರುತ್ತದೋ ಎಂದು ಕಾಯುವ ನಮ್ಮ ಅಧ್ಯಾಪಕ ಮಿತ್ರರು ಈ ಲೆಕ್ಕವನ್ನು ಸುಮ್ಮನೆ ಕೇಳಿಸಿಕೊಂಡರೆ ಸಾಕು.

ಒಂದೇ ಕೋಣೆಯ ಎರಡು ತುದಿ

ಜಾನ್ ಲವೆಲ್ ಅವರ ಕಾಲದಲ್ಲಿ ಶಾಲೆಯೊಳಗೆ ರಾಜಕೀಯ ಬಂತು. ಲವೆಲ್ ಬ್ರಿಟಿಷ್ ದೊರೆಗೆ ನಿಷ್ಠರು. ಅವರ ಮಗ ಜೇಮ್ಸ್ ಅದೇ ಶಾಲೆಯಲ್ಲಿ ಸಹಾಯಕ ಮೇಷ್ಟ್ರು, ವಸಾಹತುಗಳ ಸ್ವಾತಂತ್ರ್ಯದ ಕಟ್ಟಾ ಪಕ್ಷಪಾತಿ. ಕೋಣೆಯ ಒಂದು ತುದಿಯಲ್ಲಿ ಅಪ್ಪನ ಮೇಜು, ಇನ್ನೊಂದು ತುದಿಯಲ್ಲಿ ಮಗನದು. ನಡುವೆ ಕೂತ ಹುಡುಗರಿಗೆ ಲ್ಯಾಟಿನ್ ಜೊತೆಗೆ ಎರಡು ರಾಜನೀತಿಗಳ ಪಾಠ.

ಹುಡುಗರೂ ಹಿಂದೆ ಬೀಳಲಿಲ್ಲ. 1775ರ ಚಳಿಗಾಲದಲ್ಲಿ ಸ್ಕೂಲ್ ಸ್ಟ್ರೀಟಿನ ಇಳಿಜಾರಿನ ಹಿಮದ ಮೇಲೆ ಅವರು ಜಾರುಗಾಡಿ ಆಡುತ್ತಿದ್ದರು. ಅದೇ ಬೀದಿಯಲ್ಲಿ ಬಿಡಾರ ಮಾಡಿದ್ದ ಬ್ರಿಟಿಷ್ ಸೇನಾಧಿಕಾರಿ ಹಾಲ್ಡಿಮಂಡ್ ಅವರ ಆಳು ಹಿಮದ ಮೇಲೆ ಬೂದಿ ಸುರಿದು ಆಟ ಕೆಡಿಸಿದ. ಹುಡುಗರು ನಿಯೋಗ ಕಟ್ಟಿಕೊಂಡು ಜನರಲ್‌ನ ಮನೆಗೇ ಹೋದರು. ಈ ಜಾಗದಲ್ಲಿ ನಮ್ಮ ಅಪ್ಪಂದಿರ ಕಾಲದಿಂದಲೂ ಆಡುತ್ತ ಬಂದಿದ್ದೇವೆ ಎಂದು ಹಕ್ಕು ಮಂಡಿಸಿದರು. ಜನರಲ್ ಅವರ ಅಹವಾಲು ಕೇಳಿ, ಜಾಗವನ್ನು ಸರಿಮಾಡಿಕೊಡುವಂತೆ ಆಳಿಗೆ ಅಪ್ಪಣೆ ಮಾಡಿದರು.

ಅದೇ ವರ್ಷ ಏಪ್ರಿಲ್ 19ರ ಬೆಳಿಗ್ಗೆ ಬ್ರಿಟಿಷ್ ಪಡೆಗಳು ಲೆಕ್ಸಿಂಗ್ಟನ್ನಿನ ಕಡೆ ಹೊರಟವು. ಯುದ್ಧ ಶುರುವಾಯಿತು ಎಂದ ಮುದುಕ ಲವೆಲ್, ಪುಸ್ತಕ ಕೆಳಗಿಡಿ ಎಂದು ಲ್ಯಾಟಿನ್ನಿನಲ್ಲಿ ಹೇಳಿ ಶಾಲೆ ಮುಚ್ಚಿದರಂತೆ. ಮುಂದೆ ಅಪ್ಪ ಮಗ ಇಬ್ಬರೂ ಸೇರಿದ್ದು ಕೆನಡಾದ ಹ್ಯಾಲಿಫ್ಯಾಕ್ಸ್ ಎಂಬ ಒಂದೇ ಊರನ್ನು. 1776ರ ಮಾರ್ಚಿನಲ್ಲಿ ಬ್ರಿಟಿಷ್ ಸೈನ್ಯ ಬಾಸ್ಟನ್ ತೆರವು ಮಾಡಿದಾಗ ಅಪ್ಪ ಅವರ ಹಡಗಿನಲ್ಲಿ ನಿರಾಶ್ರಿತರಾಗಿ ಹೋದರು. ಮಗನನ್ನು ಕೈದಿಯಾಗಿ ಒಯ್ದರು. ಅಪ್ಪ ಅಲ್ಲೇ ತೀರಿಕೊಂಡರು. ಮಗ ಬಿಡುಗಡೆಯಾಗಿ ಬಂದು, ಬಂಡೆದ್ದ ವಸಾಹತುಗಳ ಕಾಂಟಿನೆಂಟಲ್ ಕಾಂಗ್ರೆಸ್ಸಿನ ಸದಸ್ಯರಾದರು.

1776ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ 56 ಜನರಲ್ಲಿ ಐವರು ಈ ಶಾಲೆಯಲ್ಲಿ ಕೂತವರು: ಜಾನ್ ಹ್ಯಾನ್‌ಕಾಕ್, ಸ್ಯಾಮ್ಯುಯೆಲ್ ಆಡಮ್ಸ್, ರಾಬರ್ಟ್ ಟ್ರೀಟ್ ಪೇನ್, ವಿಲಿಯಂ ಹೂಪರ್, ಬೆಂಜಮಿನ್ ಫ್ರಾಂಕ್ಲಿನ್. ದೊರೆಯ ನಿಷ್ಠಾವಂತ ಲವೆಲ್ ಅವರ ಕಾಲದಲ್ಲಿ ಓದಿದ ಹಲವರೇ ದೊರೆಯ ವಿರುದ್ಧ ಸಹಿ ಹಾಕಿದರು. ಮೇಷ್ಟ್ರ ಪಕ್ಷ ವಿದ್ಯಾರ್ಥಿಗಳ ಪಕ್ಷವಾಗಲೇಬೇಕೆಂದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಶಾಲೆ ಬಿಟ್ಟವನ ದತ್ತಿ

ಆ ಐವರಲ್ಲಿ ಫ್ರಾಂಕ್ಲಿನ್ ಕಥೆ ಬೇರೆ. ದತ್ತಿ ಉಪನ್ಯಾಸದಲ್ಲಿ ಅದನ್ನು ಹೇಳದೆ ಬಿಡುವಂತಿಲ್ಲ. ಅವರ ತಂದೆ ಜೋಸಾಯ ಮೇಣದಬತ್ತಿ, ಸಾಬೂನು ಮಾಡಿ ಬದುಕುತ್ತಿದ್ದವರು. ಮನೆ ತುಂಬ ಮಕ್ಕಳು. ಗಂಡುಮಕ್ಕಳಲ್ಲಿ ಹತ್ತನೆಯವನನ್ನು ದೇವರಿಗೆ ಸಲ್ಲಿಸುವುದೆಂದು ಬೆಂಜಮಿನ್‌ನನ್ನು ಎಂಟನೆಯ ವಯಸ್ಸಿನಲ್ಲಿ ಲ್ಯಾಟಿನ್ ಶಾಲೆಗೆ ಸೇರಿಸಿದರು. ಹುಡುಗ ಕೆಲವೇ ತಿಂಗಳಲ್ಲಿ ತರಗತಿಯ ನಡುವಿನಿಂದ ಮೊದಲ ಸ್ಥಾನಕ್ಕೆ ಏರಿದ. ಆದರೆ ವರ್ಷ ತುಂಬುವ ಮೊದಲೇ ಅಪ್ಪ ಬಿಡಿಸಿಬಿಟ್ಟರು. ಮುಂದಿನ ಕಾಲೇಜಿನ ಖರ್ಚು ತನ್ನಿಂದ ಆಗದು ಎಂದು ಅವರಿಗೆ ಕಂಡಿತು. ಬರವಣಿಗೆ, ಲೆಕ್ಕ ಕಲಿಸುವ ಬೇರೆ ಶಾಲೆಗೆ ಹಾಕಿದರು. ಅಲ್ಲಿ ಹುಡುಗ ಲೆಕ್ಕದಲ್ಲಿ ನಪಾಸಾದ. ಹತ್ತನೆಯ ವಯಸ್ಸಿಗೆ ಅಪ್ಪನ ಅಂಗಡಿಯಲ್ಲಿ ಬತ್ತಿ ಕತ್ತರಿಸಲು ಕೂತ.

ಶಾಲೆಯಲ್ಲಿ ಶುಲ್ಕ ಕಟ್ಟಬೇಕಾಗಿರಲಿಲ್ಲ, ಹುಡುಗ ಬುದ್ಧಿವಂತ, ಮೇಷ್ಟ್ರು ಸಮರ್ಥರು. ಆದರೂ ಓದು ನಿಂತಿತು. ಶಾಲೆ ಉಚಿತವಾದರೂ ಅದು ಕರೆದೊಯ್ಯುವ ದಾರಿ ಉಚಿತವಾಗಿರಲಿಲ್ಲ. ಬಡವರ ಮನೆಯಲ್ಲಿ ಇವತ್ತಿಗೂ ಮಗುವನ್ನು ಶಾಲೆ ಬಿಡಿಸುವಾಗ ನಡೆಯುವ ಲೆಕ್ಕ ಇದೇ.

ಫ್ರಾಂಕ್ಲಿನ್ ಆ ಕೆಲವು ತಿಂಗಳನ್ನು ಮರೆಯಲಿಲ್ಲ. 1790ರಲ್ಲಿ ತೀರಿಕೊಂಡಾಗ ಅವರ ಮರಣಪತ್ರದಲ್ಲಿ ಬಾಸ್ಟನ್ನಿನ ಉಚಿತ ಶಾಲೆಗಳಿಗೆ 100 ಪೌಂಡ್ ದತ್ತಿ ಇತ್ತು. ಅದರ ಬಡ್ಡಿಯಿಂದ ಪ್ರತಿವರ್ಷ ಒಳ್ಳೆಯ ವಿದ್ಯಾರ್ಥಿಗಳಿಗೆ ಬೆಳ್ಳಿ ಪದಕ ಕೊಡಬೇಕು ಎಂಬುದು ಕರಾರು. 1793ರಿಂದ ಫ್ರಾಂಕ್ಲಿನ್ ಪದಕ ಕೊಡಲು ಶುರುವಾಯಿತು. ಅದೇ ಮರಣಪತ್ರದಲ್ಲಿ ಬಾಸ್ಟನ್ ಮತ್ತು ಫಿಲಡೆಲ್ಫಿಯಾ ನಗರಗಳಿಗೆ ತಲಾ 1,000 ಪೌಂಡ್ ಬಿಟ್ಟರು. ಕಸುಬು ಕಲಿತ ಯುವಕರಿಗೆ ಕಡಿಮೆ ಬಡ್ಡಿಯ ಸಾಲ ಕೊಡುತ್ತ ಇನ್ನೂರು ವರ್ಷ ಅದನ್ನು ಬೆಳೆಸಬೇಕು ಎಂಬುದು ಯೋಜನೆ. ಮೊದಲ ನೂರು ವರ್ಷದ ಗಳಿಕೆಯ ಒಂದು ಪಾಲಿನಿಂದ ಬಾಸ್ಟನ್ನಿನಲ್ಲಿ 1908ರಲ್ಲಿ ತಾಂತ್ರಿಕ ಶಾಲೆಯೊಂದು ಶುರುವಾಯಿತು. ಪದಕ ಗೆದ್ದವನಿಗೂ ಕಸುಬು ಹಿಡಿದವನಿಗೂ ಒಟ್ಟಿಗೆ ದತ್ತಿ ಇಟ್ಟವರು ಅಪರೂಪ. ಫ್ರಾಂಕ್ಲಿನ್ ಎರಡೂ ಆಗಿದ್ದವರು.

ಹಳೆಯ ಶಾಲೆ ಇದ್ದ ಬೀದಿಯಲ್ಲಿ 1856ರಲ್ಲಿ ಅವರ ಪ್ರತಿಮೆ ನಿಲ್ಲಿಸಿದರು. ವರ್ಷ ಪೂರ್ತಿ ಓದಲು ಆಗದವನಿಗೆ ಶಾಲೆಯ ಜಾಗದಲ್ಲಿ ಪ್ರತಿಮೆ.

ಇನ್ನೊಂದು ಶಾಲೆ ಯಾಕೆ ಬೇಕಾಯಿತು

ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ ಊರು ಬದಲಾಗಿತ್ತು. ವ್ಯಾಪಾರ, ಹಡಗು, ಕಾರ್ಖಾನೆಗಳ ಊರಿಗೆ ಪಾದ್ರಿಗಳಷ್ಟೇ ಸಾಲದು. ಲೆಕ್ಕಪತ್ರ, ಭೂಗೋಳ, ಇಂಗ್ಲಿಷ್ ಬಲ್ಲವರು ಬೇಕು. ಕಾಲೇಜಿಗೆ ಹೋಗದ ಹುಡುಗರಿಗಾಗಿ ಬಾಸ್ಟನ್ 1821ರಲ್ಲಿ ಬೇರೊಂದು ಶಾಲೆ ತೆರೆಯಿತು. ಅದೇ ಇಂಗ್ಲಿಷ್ ಹೈಸ್ಕೂಲ್. ಇಂದಿನ ಅರ್ಥದ ಹೈಸ್ಕೂಲು ಅಮೆರಿಕದಲ್ಲಿ ಶುರುವಾದದ್ದು ಅಲ್ಲಿಂದ. 500 ಕುಟುಂಬಗಳಿರುವ ಊರುಗಳು ಹೈಸ್ಕೂಲ್ ಇಡಬೇಕೆಂದು ರಾಜ್ಯ 1827ರಲ್ಲಿ ಕಾನೂನು ಮಾಡಿತು. ಲ್ಯಾಟಿನ್ ಮತ್ತು ಇಂಗ್ಲಿಷ್ ಶಾಲೆಗಳ ಪೈಪೋಟಿ 1887ರಿಂದ ಫುಟ್‌ಬಾಲ್ ಮೈದಾನಕ್ಕೂ ಇಳಿದು ಇವತ್ತಿಗೂ ನಡೆಯುತ್ತಿದೆ.

ಇತ್ತ ಲ್ಯಾಟಿನ್ ಸ್ಕೂಲ್ ತನ್ನ ಹಾದಿ ಬಿಡಲಿಲ್ಲ. ಚಿಂತಕ ಎಮರ್ಸನ್, ಗುಲಾಮಗಿರಿಯ ವಿರುದ್ಧ ಹೋರಾಡಿದ ಚಾರ್ಲ್ಸ್ ಸಮ್ನರ್, ವೆಂಡೆಲ್ ಫಿಲಿಪ್ಸ್ ಅಂಥವರು ಈ ಅವಧಿಯ ವಿದ್ಯಾರ್ಥಿಗಳು. ಸಮ್ನರ್ ಹೆಸರಿಗೆ ಬಂದಾಗ ನಿಲ್ಲಬೇಕು. ಬಾಸ್ಟನ್ನಿನಲ್ಲಿ ಕಪ್ಪು ಮಕ್ಕಳಿಗೆ ಬೇರೆ ಶಾಲೆ ಇತ್ತು. ಸಾರಾ ರಾಬರ್ಟ್ಸ್ ಎಂಬ ಐದು ವರ್ಷದ ಹುಡುಗಿ ಆ ಶಾಲೆ ತಲುಪಲು ಬಿಳಿಯ ಮಕ್ಕಳ ಐದು ಶಾಲೆಗಳನ್ನು ದಾಟಿ ನಡೆಯಬೇಕಾಗಿತ್ತು. ಅವಳ ತಂದೆ ನಗರದ ಮೇಲೆ ದಾವೆ ಹೂಡಿದರು. 1849ರಲ್ಲಿ ಅವರ ಪರ ವಾದಿಸಿದವರು ಸಮ್ನರ್ ಮತ್ತು ಕಪ್ಪು ವಕೀಲ ರಾಬರ್ಟ್ ಮಾರಿಸ್. ಬೇರೆ ಶಾಲೆ ಎಂಬುದೇ ಸಮಾನತೆಗೆ ವಿರುದ್ಧ ಎಂಬುದು ಸಮ್ನರ್ ವಾದ. ರಾಜ್ಯದ ಸರ್ವೋಚ್ಚ ನ್ಯಾಯಾಲಯ 1850ರಲ್ಲಿ ಅದನ್ನು ತಳ್ಳಿಹಾಕಿತು. ಆ ತೀರ್ಪನ್ನೇ ಮುಂದೆ ಅಮೆರಿಕದ ಸುಪ್ರೀಂ ಕೋರ್ಟು 1896ರಲ್ಲಿ, ಬೇರೆ ಇಟ್ಟರೂ ಸಮಾನ ಎಂಬ ತನ್ನ ಕುಖ್ಯಾತ ನಿರ್ಣಯಕ್ಕೆ ಆಧಾರ ಮಾಡಿಕೊಂಡಿತು. ಆದರೆ ಮ್ಯಾಸಚೂಸೆಟ್ಸ್ ಶಾಸನಸಭೆ ಅಷ್ಟರವರೆಗೆ ಕಾಯಲಿಲ್ಲ. 1855ರಲ್ಲೇ ಶಾಲೆಗಳಲ್ಲಿ ಬಣ್ಣದ ಭೇದವನ್ನು ಕಾನೂನಿನಿಂದ ನಿಷೇಧಿಸಿತು.

ಊರ ಹಣದಲ್ಲಿ ಓದಿದವನು ಊರಿನ ಮೇಲೆಯೇ ವಾದ ಮಾಡಿದ. ಸಾರ್ವಜನಿಕ ಶಾಲೆಯ ಋಣ ತೀರಿಸುವ ಬಗೆ ಇದಕ್ಕಿಂತ ಇನ್ನಾವುದು?

ಹಡಗು ಇಳಿದ ಮಕ್ಕಳು

ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಮೊದಲು ಐರಿಶರು, ಆಮೇಲೆ ಯಹೂದಿಗಳು, ಇಟಲಿಯವರು ಬಾಸ್ಟನ್ನಿಗೆ ತಂಡತಂಡವಾಗಿ ಬಂದರು. ಅವರ ಮಕ್ಕಳಿಗೆ ಈ ಶಾಲೆ ನಿಜವಾದ ಏಣಿಯಾಯಿತು. ಮ್ಯಾಡ್ರಿಡ್‌ನಲ್ಲಿ ಹುಟ್ಟಿದ ಜಾರ್ಜ್ ಸಂತಾಯನ 1872ರಲ್ಲಿ ಬಾಸ್ಟನ್ನಿಗೆ ಬಂದಾಗ ಇಂಗ್ಲಿಷ್ ಗೊತ್ತಿರಲಿಲ್ಲ. ಲ್ಯಾಟಿನ್ ಸ್ಕೂಲಿನಲ್ಲಿ ಓದಿ, ಶಾಲೆಯ ಪತ್ರಿಕೆಯನ್ನು ಶುರುಮಾಡಿದವರಲ್ಲಿ ಒಬ್ಬರಾಗಿ, ಮುಂದೆ ಹಾರ್ವರ್ಡಿನಲ್ಲಿ ತತ್ತ್ವಶಾಸ್ತ್ರ ಕಲಿಸಿದರು. ಲಿಥುವೇನಿಯಾದಿಂದ ಬಂದ ಯಹೂದಿ ಹುಡುಗ ಬರ್ನಾರ್ಡ್ ಬೆರೆನ್‌ಸನ್ ಇಟಲಿಯ ಚಿತ್ರಕಲೆಯ ದೊಡ್ಡ ವಿಮರ್ಶಕರಾದರು. ಪತ್ರಿಕೆ ಮಾರಿ ಮನೆ ನಡೆಸಿದ ಥಿಯೊಡರ್ ವೈಟ್ 1932ರಲ್ಲಿ ಇಲ್ಲಿಂದ ಹೊರಬಿದ್ದು, ಪತ್ರಿಕೆ ಮಾರುವ ಹುಡುಗರಿಗೆಂದೇ ಇದ್ದ ವಿದ್ಯಾರ್ಥಿವೇತನದ ನೆರವಿನಿಂದ ಹಾರ್ವರ್ಡ್ ಸೇರಿದರು. ಮುಂದೆ ಅಧ್ಯಕ್ಷರ ಚುನಾವಣೆಗಳ ಬಗ್ಗೆ ಅವರು ಬರೆದ ಪುಸ್ತಕಗಳು ಹೆಸರಾದವು. ಸಂಗೀತ ನಿರ್ದೇಶಕ ಲೆನರ್ಡ್ ಬರ್ನ್‌ಸ್ಟೈನ್ ಪಾಸಾದ 1935 ಶಾಲೆಗೆ ಮುನ್ನೂರು ತುಂಬಿದ ವರ್ಷ.

ಪಾಠದ ಕ್ರಮ ಕಠಿಣ. ಲ್ಯಾಟಿನ್ ಎಲ್ಲರಿಗೂ ಕಡ್ಡಾಯ. ಆರು ವರ್ಷದ ಓದಿನಲ್ಲಿ ತರಗತಿಗಳನ್ನು ಎಣಿಸುವುದು ಆರರಿಂದ ಒಂದಕ್ಕೆ. ಹೊಸಬರನ್ನು ಸಿಕ್ಸೀಸ್ ಎಂದು ಕರೆಯುತ್ತಾರೆ. ಎಲ್ಲರೂ ತರಗತಿಯ ಮುಂದೆ ನಿಂತು ಗದ್ಯವನ್ನೋ ಪದ್ಯವನ್ನೋ ಬಾಯಿಪಾಠವಾಗಿ, ಧ್ವನಿಯ ಏರಿಳಿತದೊಂದಿಗೆ ಒಪ್ಪಿಸಬೇಕು. ನಿಮ್ಮ ಎಡಬಲದವರನ್ನು ನೋಡಿಕೊಳ್ಳಿ, ಮೂವರಲ್ಲಿ ಒಬ್ಬರು ಮಾತ್ರ ಕೊನೆ ಮುಟ್ಟುತ್ತೀರಿ ಎಂದು ಹೊಸಬರಿಗೆ ಹೇಳುವ ಪದ್ಧತಿ ಬಹುಕಾಲ ಇತ್ತು. ಸಭಾಂಗಣದ ಗೋಡೆಯ ಮೇಲ್ಭಾಗದಲ್ಲಿ ಪ್ರಸಿದ್ಧ ಹಳೆಯ ವಿದ್ಯಾರ್ಥಿಗಳ ಹೆಸರುಗಳಿವೆ. ಏನೂ ಇಲ್ಲದ ಮನೆಯ ಮಗುವಿಗೂ ಅತಿ ಕಷ್ಟದ ವಿದ್ಯೆಯನ್ನೇ ಕೊಡಬೇಕು ಎಂಬ ಹಟದಲ್ಲಿ ಒಂದು ಗೌರವ ಇದೆ. ಬಡ ಮಕ್ಕಳಿಗೆ ಇಷ್ಟು ಸಾಕು ಎನ್ನುವ ಕರುಣೆಗಿಂತ ಅದು ಮೇಲು. ಆದರೆ ಕೊನೆ ಮುಟ್ಟದ ಉಳಿದಿಬ್ಬರ ಕಥೆ ಗೋಡೆಯ ಮೇಲೆ ಬರೆಯುವುದಿಲ್ಲ.

337 ವರ್ಷ

ಇಷ್ಟು ಹೊತ್ತು ಹುಡುಗರು ಎಂದೇ ಹೇಳುತ್ತ ಬಂದೆ. 1635ರಿಂದ 1972ರವರೆಗೆ, ಅಂದರೆ 337 ವರ್ಷ, ಈ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶ ಇರಲಿಲ್ಲ. ಅವರ ತಂದೆತಾಯಿಯರೂ ತೆರಿಗೆ ಕಟ್ಟುತ್ತಿದ್ದರು. 1789ರ ಸುಧಾರಣೆಯಲ್ಲಿ ಹೆಣ್ಣುಮಕ್ಕಳನ್ನು ನಗರದ ಓದುಬರಹದ ಶಾಲೆಗಳಿಗೆ ಬಿಟ್ಟುಕೊಂಡರೂ ಅದು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ. ಲ್ಯಾಟಿನ್ ಅವರ ಪಾಲಿಗೆ ಇರಲೇ ಇಲ್ಲ.

1877ರಲ್ಲಿ ತಮ್ಮ ಹೆಣ್ಣುಮಕ್ಕಳನ್ನೂ ಲ್ಯಾಟಿನ್ ಸ್ಕೂಲಿಗೆ ಸೇರಿಸಿಕೊಳ್ಳಿ ಎಂದು ಪೋಷಕರು ಅರ್ಜಿ ಕೊಟ್ಟರು. ಶಾಲಾ ಸಮಿತಿ ಅದಕ್ಕೆ ಒಪ್ಪದೆ ಬೇರೊಂದು ಗರ್ಲ್ಸ್ ಲ್ಯಾಟಿನ್ ಸ್ಕೂಲ್ ಸ್ಥಾಪಿಸಿತು. 1878ರಲ್ಲಿ ಅದು ಶುರುವಾಯಿತು. ಹುಡುಗಿಯರನ್ನು ಕಾಲೇಜಿಗೆ ಸಿದ್ಧಗೊಳಿಸಲೆಂದು ಶುರುವಾದ ಆ ಶಾಲೆ ತನ್ನ ಬಲದಿಂದಲೇ ದೊಡ್ಡದಾಯಿತು. ರಷ್ಯಾ ಸಾಮ್ರಾಜ್ಯದ ಪೊಲೊಟ್ಸ್ಕ್‌ನಿಂದ 1894ರಲ್ಲಿ ಬಂದ ಯಹೂದಿ ಹುಡುಗಿ ಮೇರಿ ಆಂಟಿನ್ ಅಲ್ಲಿ ಓದಿದವರು. 1912ರಲ್ಲಿ ಬಂದ ಅವರ ಆತ್ಮಕಥೆ ವಲಸೆಯ ಬದುಕಿನ ಪ್ರಸಿದ್ಧ ಪುಸ್ತಕಗಳಲ್ಲಿ ಒಂದು.

ಎರಡು ಶಾಲೆ ಇದ್ದ ಮೇಲೆ ಏನು ತೊಂದರೆ ಎನ್ನಬಹುದು. ಇಪ್ಪತ್ತನೆಯ ಶತಮಾನದಲ್ಲಿ ಎರಡಕ್ಕೂ ಪ್ರವೇಶ ಪರೀಕ್ಷೆ ಒಂದೇ. ಆದರೆ ಗಂಡುಮಕ್ಕಳ ಕಟ್ಟಡ ದೊಡ್ಡದು, ಹೆಣ್ಣುಮಕ್ಕಳದು ಚಿಕ್ಕದು. ಹೀಗಾಗಿ 1970ರಲ್ಲಿ 200 ಅಂಕಗಳ ಪರೀಕ್ಷೆಯಲ್ಲಿ 120 ಪಡೆದ ಹುಡುಗನಿಗೆ ಸೀಟು ಸಿಕ್ಕಿತು, ಹುಡುಗಿಗೆ 133 ಬೇಕಾಯಿತು. ಪೋಷಕರು ಕೋರ್ಟಿಗೆ ಹೋದರು. ಇದು ತಾರತಮ್ಯ ಎಂದು ಫೆಡರಲ್ ನ್ಯಾಯಾಲಯ 1972ರಲ್ಲಿ ತೀರ್ಪು ಕೊಟ್ಟಿತು. ಸಾರ್ವಜನಿಕ ಶಾಲೆಗಳಲ್ಲಿ ಲಿಂಗಭೇದ ಮಾಡಬಾರದೆಂಬ ರಾಜ್ಯ ಕಾನೂನು ಅದಕ್ಕೆ ಮುಂಚಿನ ವರ್ಷವೇ ಬಂದಿತ್ತು. 1972ರ ಸೆಪ್ಟೆಂಬರಿನಲ್ಲಿ ಹುಡುಗಿಯರು ಬಾಸ್ಟನ್ ಲ್ಯಾಟಿನ್ ಸ್ಕೂಲಿಗೆ ಕಾಲಿಟ್ಟರು. ಗರ್ಲ್ಸ್ ಲ್ಯಾಟಿನ್ ಕೂಡ ಎಲ್ಲರ ಶಾಲೆಯಾಗಿ, ಬಾಸ್ಟನ್ ಲ್ಯಾಟಿನ್ ಅಕಾಡೆಮಿ ಎಂಬ ಹೆಸರಿನಲ್ಲಿ ಈಗಲೂ ನಡೆಯುತ್ತಿದೆ. ಲ್ಯಾಟಿನ್ ಸ್ಕೂಲಿಗೆ ಮೊದಲ ಮಹಿಳಾ ಮುಖ್ಯಸ್ಥರು ಬಂದದ್ದು 1998ರಲ್ಲಿ.

ಸೀಟು ಯಾರಿಗೆ

ಹೆಣ್ಣುಮಕ್ಕಳ ಪ್ರಶ್ನೆ ಮುಗಿಯಿತು ಎನ್ನುವಷ್ಟರಲ್ಲಿ ಬಣ್ಣದ ಪ್ರಶ್ನೆ ಮತ್ತೆ ಎದ್ದಿತು. 1974ರ ಜೂನ್ 21ರಂದು ಫೆಡರಲ್ ನ್ಯಾಯಾಧೀಶ ಆರ್ಥರ್ ಗ್ಯಾರಿಟಿ ಬಾಸ್ಟನ್ನಿನ ಶಾಲಾ ಸಮಿತಿ ಬೇಕೆಂದೇ ಮಕ್ಕಳನ್ನು ಬಣ್ಣದ ಮೇಲೆ ಬೇರ್ಪಡಿಸಿದೆ ಎಂದು ತೀರ್ಪಿತ್ತರು. ಮಕ್ಕಳನ್ನು ಬಸ್ಸುಗಳಲ್ಲಿ ಬೇರೆ ಬಡಾವಣೆಯ ಶಾಲೆಗಳಿಗೆ ಕಳಿಸುವ ಆದೇಶದಿಂದ ಊರು ಹೊತ್ತಿಕೊಂಡಿತು. ಪ್ರವೇಶ ಪರೀಕ್ಷೆ ಇರುವ ಶಾಲೆಗಳಲ್ಲಿ ಶೇಕಡಾ 35 ಸೀಟು ಕಪ್ಪು ಮತ್ತು ಲ್ಯಾಟಿನೊ ಮಕ್ಕಳಿಗೆ ಸಲ್ಲಬೇಕು ಎಂದೂ ನ್ಯಾಯಾಲಯ ಹೇಳಿತು. ಈ ಏರ್ಪಾಡು ಸುಮಾರು ಎರಡು ದಶಕ ನಡೆಯಿತು. 1995ರಲ್ಲಿ ಸೀಟು ಸಿಗದ ಬಿಳಿಯ ವಿದ್ಯಾರ್ಥಿನಿಯ ಪರವಾಗಿ ದಾವೆಯಾಯಿತು, ಮರುವರ್ಷ ಮೀಸಲು ಹೋಯಿತು. ಅರ್ಧ ಸೀಟು ಅಂಕದ ಮೇಲೆ, ಉಳಿದರ್ಧ ಅಂಕದ ಜೊತೆ ಜನಾಂಗದ ಪ್ರಮಾಣವನ್ನೂ ನೋಡಿ ಎಂಬ ಹೊಸ ಸೂತ್ರವನ್ನೂ ಮೇಲ್ಮನವಿ ನ್ಯಾಯಾಲಯ 1998ರಲ್ಲಿ ತಳ್ಳಿಹಾಕಿತು. ಆಮೇಲೆ ಕಪ್ಪು ಮಕ್ಕಳ ಸಂಖ್ಯೆ ಇಳಿಯಿತು. 2016ರಲ್ಲಿ ಶಾಲೆಯ ಕಪ್ಪು ವಿದ್ಯಾರ್ಥಿನಿಯರೇ ತಾವು ಒಳಗೆ ಅನುಭವಿಸುತ್ತಿರುವುದನ್ನು ಬಹಿರಂಗವಾಗಿ ಹೇಳಿದರು. ಫೆಡರಲ್ ತನಿಖೆ ನಡೆಯಿತು. ಮರುವರ್ಷ ಅದೇ ಶಾಲೆಯಲ್ಲಿ ಓದಿದ ರೇಚಲ್ ಸ್ಕೆರಿಟ್ ಅದರ ಮೊದಲ ಕಪ್ಪು ಮುಖ್ಯಸ್ಥರಾದರು.

ಕೋವಿಡ್ ಬಂದಾಗ ಪರೀಕ್ಷೆ ನಡೆಸಲಾಗಲಿಲ್ಲ. 2021ರ ಪ್ರವೇಶಕ್ಕೆ ಶೇಕಡಾ 20 ಸೀಟನ್ನು ಇಡೀ ನಗರದ ಅಂಕಪಟ್ಟಿಯ ಮೇಲೆ, ಉಳಿದ 80ನ್ನು ಪಿನ್‌ಕೋಡ್‌ವಾರು ಹಂಚಿದರು. ನಂತರ ಪರೀಕ್ಷೆ ಮರಳಿತು. ಆದರೆ ಶಾಲೆಯ ಅಂಕಕ್ಕೆ 70, ಪರೀಕ್ಷೆಗೆ 30ರ ತೂಕ ಕೊಟ್ಟು, ಮಕ್ಕಳು ವಾಸಿಸುವ ಪ್ರದೇಶಗಳನ್ನು ಆರ್ಥಿಕ ಸಾಮಾಜಿಕ ಸ್ಥಿತಿಯ ಮೇಲೆ ಎಂಟು ಹಂತಗಳಾಗಿ ವಿಂಗಡಿಸಿ, ಸ್ಪರ್ಧೆ ಆಯಾ ಹಂತದೊಳಗೇ ನಡೆಯುವಂತೆ ಮಾಡಿದರು. ಪಿನ್‌ಕೋಡ್ ಹಂಚಿಕೆಯ ವಿರುದ್ಧವೂ ದಾವೆಯಾಯಿತು. ಮೇಲ್ಮನವಿ ನ್ಯಾಯಾಲಯ 2023ರಲ್ಲಿ ಆ ಹಂಚಿಕೆಯನ್ನು ಎತ್ತಿಹಿಡಿಯಿತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ವಿಚಾರಣೆಗೆ ತೆಗೆದುಕೊಳ್ಳಲು ನಿರಾಕರಿಸಿತು.

ಈ ವಾದವಿವಾದ ಕೇಳುವಾಗ ನಮಗೆ ನಮ್ಮದೇ ಮನೆಯ ಮಾತು ಕೇಳಿದಂತಾಗುತ್ತದೆ. ಅಂಕವೇ ಅರ್ಹತೆ ಎನ್ನುವವರು ಅಲ್ಲೂ ಇದ್ದಾರೆ. ಆ ಅಂಕ ಟ್ಯೂಷನ್ನಿಗೆ ದುಡ್ಡಿರುವ ಮನೆಯಲ್ಲಿ ಸುಲಭ ಎನ್ನುವವರೂ ಇದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ಎಂಟು ಹಂತದ ಸೂತ್ರವಾಗಲಿ ಪಿನ್‌ಕೋಡಾಗಲಿ ಶಾಶ್ವತವಲ್ಲ, ಇಂಥವು ಬದಲಾಗುತ್ತಲೇ ಇರುತ್ತವೆ. ಇಡೀ ಊರಿನ ಮಕ್ಕಳು ಒಂದೇ ಒಳ್ಳೆಯ ಶಾಲೆಯ ಸೀಟಿಗಾಗಿ ಹೀಗೆ ಹೋರಾಡಬೇಕಾಗಿದೆ ಎಂದರೆ ಊರಿನ ಉಳಿದ ಶಾಲೆಗಳು ಹೇಗಿವೆ ಎಂದು ಕೇಳಬೇಕು. ಲ್ಯಾಟಿನ್ ಸ್ಕೂಲಿಗೆ 1844ರಿಂದ ಹಳೆಯ ವಿದ್ಯಾರ್ಥಿಗಳ ಸಂಘ ಇದೆ, ದತ್ತಿ ನಿಧಿಗಳಿವೆ. ಅದೇ ನಗರದ, ಅದೇ ತೆರಿಗೆಯ ಹಣದ ಬೇರೆ ಶಾಲೆಗಳಿಗೆ ಅಂಥ ಬೆಂಬಲ ಎಲ್ಲಿ?

ಕೊನೆಯದಾಗಿ

ಈ ಇತಿಹಾಸದಲ್ಲಿ ಶಾಲೆ ತಾನಾಗಿ ವಿಶಾಲವಾದ ಸಂದರ್ಭ ಕಡಿಮೆ. ಹೆಣ್ಣುಮಕ್ಕಳು ಬಂದದ್ದು ಅರ್ಜಿ ಮತ್ತು ದಾವೆಯಿಂದ. ಕಪ್ಪು ಮಕ್ಕಳಿಗೆ ಮೀಸಲು ಸೀಟು ಸಿಕ್ಕಿದ್ದು ತೀರ್ಪಿನಿಂದ. ಪ್ರತಿ ಸಲವೂ ಗುಣಮಟ್ಟ ಕೆಡುತ್ತದೆ ಎಂಬ ಆತಂಕ ಕೇಳಿಬಂತು. ಪ್ರತಿ ಸಲವೂ ಶಾಲೆ ಉಳಿಯಿತು, ಹೆಸರು ಕೆಡಲಿಲ್ಲ. ಅರ್ಜಿ, ದಾವೆಗಳ ಮೂಲಕ ಸೀಟು ಕೇಳುವ ಹಕ್ಕು ಜನರಿಗೆ ಬಂದದ್ದು ಎಲ್ಲಿಂದ? 1635ರ ಊರ ಸಭೆಯಿಂದ, ದ್ವೀಪದ ಗೇಣಿಯಿಂದ, ಪ್ರತಿವರ್ಷದ ತೆರಿಗೆಯಿಂದ. ಖಾಸಗಿ ಶಾಲೆಯಾಗಿದ್ದರೆ ಯಾರೂ ಕೇಳುವಂತಿರಲಿಲ್ಲ. ಊರು ಹಣ ಹಾಕಿತ್ತು, ಅದಕ್ಕೇ ಊರಿನವರು ಲೆಕ್ಕ ಕೇಳಿದರು.

ನಮ್ಮ ಊರುಗಳಲ್ಲೂ ನೂರು ದಾಟಿದ ಸರ್ಕಾರಿ ಹೈಸ್ಕೂಲುಗಳಿವೆ. ಅವುಗಳ ಶತಮಾನೋತ್ಸವದ ಸ್ಮರಣ ಸಂಚಿಕೆಗಳಲ್ಲಿ ಮಂತ್ರಿಗಳಾದವರ, ಸಾಹಿತಿಗಳಾದವರ, ವಿಜ್ಞಾನಿಗಳಾದವರ ಚಿತ್ರಗಳು ಇರುತ್ತವೆ. ಅದು ಬೇಕು. ಜೊತೆಗೆ ಇನ್ನು ನಾಲ್ಕು ಪುಟ ಸೇರಿಸಿ ಎಂದು ನಾನು ಕೇಳಿಕೊಳ್ಳುತ್ತೇನೆ. ಮೊದಲ ಹುಡುಗಿ ಯಾವ ವರ್ಷ ಸೇರಿದಳು, ಊರ ಹೊರಗಿನ ಕೇರಿಯ ಮೊದಲ ಹುಡುಗ ಯಾವ ವರ್ಷ ಬೆಂಚಿನ ಮೇಲೆ ಕೂತ, ಪ್ರತಿ ವರ್ಷ ಎಷ್ಟು ಮಕ್ಕಳು ನಡುವೆ ಬಿಟ್ಟುಹೋದರು ಎಂಬುದನ್ನು ಬರೆಯಿರಿ. ದಾಖಲಾತಿ ಪುಸ್ತಕಗಳು ಶಾಲೆಯ ಬೀರುವಿನಲ್ಲೇ ಇರುತ್ತವೆ. ಗೆದ್ದಲು ಹಿಡಿಯುವ ಮೊದಲು ತೆಗೆದು ನೋಡಿ. ದತ್ತಿ ಇಡುವ ಮನಸ್ಸಿರುವವರು ಮೊದಲ ರ‍್ಯಾಂಕಿನ ಮಗುವಿಗೆ ಪದಕ ಇಡುವ ಜೊತೆಗೆ, ಮನೆಯ ಖರ್ಚಿಗಾಗಿ ಶಾಲೆ ಬಿಡಬೇಕಾದ ಮಗುವಿನ ಹೆಸರಿನಲ್ಲೂ ಒಂದು ನಿಧಿ ಇಡಿ. ನಿಮ್ಮೂರಿನ ಸರ್ಕಾರಿ ಶಾಲೆ ನಿಮ್ಮದು. ಅದರ ಲೆಕ್ಕ ಕೇಳುವುದನ್ನು ಬಿಡಬೇಡಿ.